ದಾವಲಬೀಯ ನಲವತ್ತು ಹೂಂ

ಸುರಪುರ
13 ಜನವರಿ 2025, ಸೋಮವಾರ

ಶಹಾಪುರದ ಗುರುದೇವಿ ಅಕ್ಕಾರಿಗೆ ದೇವಿಂದ್ರನ ಶರಣು.

ವಿಷಯ: ಡಬ್ಬಿಯೊಂದು ಬಸ್ಸೇರಿದ ಬಗ್ಗೆ.

ಇಂದು ಬೆಳಿಗ್ಗೆ ಒಂಬತ್ತು ಗಂಟೆ ಹದಿನೈದು ನಿಮಿಷಕ್ಕೆ, ಸುರಪುರದ ಚರಿತ್ರೆಯಲ್ಲಿ ಹಿಂದೆಂದೂ ನಡೆಯದ, ಮುಂದೆ ನಡೆಯುವ ಭರವಸೆಯೂ ಇಲ್ಲದ ಘಟನೆಯೊಂದು ನಡೆದುಹೋಯಿತೆಂದು ತಿಳಿಸಲು ಹೆಮ್ಮೆಪಡುತ್ತೇನೆ. ಸ್ಟೀಲಿನ ಊಟದ ಡಬ್ಬಿಯೊಂದು ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಹಿಡಿದು ಶಹಾಪುರಕ್ಕೆ ಹೊರಟಿತು. ಮೇಲಿನ ಖಾನೆಯಲ್ಲಿ ಸಜ್ಜೆ ರೊಟ್ಟಿ, ನಡುವೆ ನಂಜಿಕೊಳ್ಳಲು ಶೇಂಗಾ ಹಿಂಡಿ, ಕೆಳಗಿನ ಖಾನೆಯಲ್ಲಿ ಅರಿವೆ ಸುತ್ತಿದ ಹಾರ್ಡ್ ಡಿಸ್ಕು. ಕಂಡಕ್ಟರ್ ಅಂಬ್ರಪ್ಪ, "ಇದಕ್ಕ ಅರ್ಧ ಟಿಕೆಟ್ ಹರೀಲೇನ್ರಿ?" ಎಂದ. ಹರಿ ಎಂದೆ. ಚಿತ್ರರಂಗಕ್ಕೆ ಕಾಲಿಡುವವರು ಬಿಟ್ಟಿ ಹೋಗಬಾರದು.

ಡಿಸ್ಕಿನಲ್ಲಿರುವುದು ನನ್ನ ಮೊದಲ ಚಿತ್ರ, 'ನೆರಳು ಮಾರಿದಾಕಿ'. ಇಪ್ಪತ್ತೆರಡು ನಿಮಿಷ. ತಿಂಥಣಿಯ ಲಾಲಮ್ಮ ತನ್ನ ಮನೆಯ ಕಟ್ಟೆಯ ಮೇಲೆ ಕೂತು, ವ್ಯಾಪಾರಿಯೊಬ್ಬನಿಗೆ ತನ್ನ ನೆರಳನ್ನೇ ಮಾರಿಕೊಂಡ ಸೊಸೆಯ ಕತೆ ಹೇಳುತ್ತಾಳೆ. ಅಷ್ಟೇ ಚಿತ್ರ. ಇನ್ನೊಂದು ಸಲ ಹೇಳು ಎಂದರೆ, "ಕತಿ ಏನ್ ರೇಶನ್ ಅಕ್ಕಿ ಏನೋ ತಮ್ಮಾ, ತಿಂಗಳಾ ತಿಂಗಳಾ ಕೊಡಾಕ?" ಎನ್ನುತ್ತಾಳೆ. ಹಾಗಾಗಿ ಇದ್ದದ್ದು ಇದೊಂದೇ.

ಶಬ್ದದಲ್ಲಿ ಸ್ವಲ್ಪ ತೊಂದರೆ. ಹಿಂದಿನ ಹೊಲದಲ್ಲಿ ಯಾಕೂಬಸಾಬರ ನೀರಿನ ಮೋಟರ್ ಓಡುತ್ತಿತ್ತು. ಬಂದ್ ಮಾಡ್ರಿ ಎಂದರೆ, "ಕರೆಂಟ್ ಇರೋದೇ ಇಷ್ಟೊತ್ತು. ನಿನ್ನ ಸಿನಿಮಾ ನನ್ ಭತ್ತಕ್ಕ ನೀರ್ ಹಾಯಸ್ತದೇನು?" ಎಂದರು. ಬೇರೆ ಯಾವ ಗಲಾಟೆಯೂ ಇಲ್ಲ. ಪಕ್ಕದ ಮನೆಯ ದಾವಲಬೀ, ಲಾಲಮ್ಮನ ನಲವತ್ತು ವರ್ಷದ ಗೆಳತಿ, ಕ್ಯಾಮೆರಾಕ್ಕೆ ಮುಖ ತೋರಿಸಲೊಲ್ಲೆನೆಂದು ಕಂಬದ ಹಿಂದೆ ಕೂತಿದ್ದಳು. ಆಕೆಯೂ ಕತೆ ಮುಗಿಯುವವರೆಗೆ ಒಂದೇ ಒಂದು ಮಾತಾಡಲಿಲ್ಲ.

ನಿಮ್ಮ ಕಂಪ್ಯೂಟರಿನಲ್ಲಿ ಕೆಟ್ಟ ಶಬ್ದವನ್ನು ರಿಪೇರಿ ಮಾಡುವ ಸಾಫ್ಟ್‌ವೇರ್ ಇದೆಯಂತೆ, ಒಂದು ಗುಂಡಿ ಒತ್ತಿದರೆ ಸಾಕಂತೆ. ದಯಮಾಡಿ ಒತ್ತಿ. ಮಾರ್ಚ್ 16ರ ಭಾನುವಾರ ಯಾದಗಿರಿಯ ಸಿನಿಮಾ ಬಳಗದವರು ಚಿತ್ರ ತೋರಿಸುತ್ತಾರೆ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಹೆಡ್‌ಫೋನ್ ಹಾಕಿಕೊಂಡರೆ ನೀವು ಫೋನ್ ಎತ್ತುವುದಿಲ್ಲ. ನಾನೋ ತಾಲ್ಲೂಕು ಕಚೇರಿಯ ಗುಮಾಸ್ತ, ಕಾಗದದಲ್ಲಿ ಇಲ್ಲದ್ದು ನಡೆದೇ ಇಲ್ಲ ಎಂದು ನಂಬಿದವನು.

ದೇವಿಂದ್ರ


ಶಹಾಪುರ
18 ಜನವರಿ 2025

ತಮ್ಮ ದೇವಿಂದ್ರನಿಗೆ,

ರೊಟ್ಟಿ ಮುಟ್ಟಿದವು. ಡಿಸ್ಕಿಗೆ ಹಿಂಡಿಯ ವಾಸನೆ ಹತ್ತಿದೆ. ಕಂಪ್ಯೂಟರಿಗೆ ಚುಚ್ಚಿದಾಗೆಲ್ಲ ನನಗೆ ಹಸಿವಾಗುತ್ತದೆ.

ಗುಂಡಿ ಇರುವುದು ನಿಜ. ಒತ್ತಿದೆ. ಮೋಟರ್ ಹೋಯಿತು, ಜೊತೆಗೆ ಲಾಲಮ್ಮನೂ ಅರ್ಧ ಹೋದಳು. ಉಳಿದ ಅರ್ಧ ಲಾಲಮ್ಮ ಕೊಡದೊಳಗೆ ತಲೆ ಹಾಕಿ ಮಾತಾಡಿದಂತೆ ಕೇಳಿದಳು. ಹಾಗಾಗಿ ಈಗ ಕೈಕೆಲಸ. ಈ ಸಾಫ್ಟ್‌ವೇರ್ ಶಬ್ದವನ್ನು ಚಿತ್ರ ಮಾಡಿ ತೋರಿಸುತ್ತದೆ: ಕರಿಯ ಹಲಗೆಯ ಮೇಲೆ ಕೇಸರಿ ಬಣ್ಣ. ಮೋಟರ್ ಎಂದರೆ ಶಾಲೆಯ ನೋಟುಬುಕ್ಕಿನ ಗೆರೆಗಳು. ಲಾಲಮ್ಮನ ಮಾತು ಒಲೆಯ ಉರಿ. ಉರಿ ಕೆಡದಂತೆ ಗೆರೆ ಅಳಿಸಬೇಕು. ಒಂದು ನಿಮಿಷದ ಮಾತಿಗೆ ಅರ್ಧ ದಿನ ಬೇಕು, ನಡುವೆ ಕರೆಂಟ್ ಹೋದರೆ ಒಂದು ದಿನ. ಹೋಗುತ್ತದೆ. ಮೈಕಿಗೆ ಕೈ ತಗುಲಿದಂಥ ಟಕ್-ಟಿಕ್ ಸಪ್ಪಳಗಳನ್ನು ಮಾತ್ರ ಮೊದಲ ದಿನವೇ ಇನ್ನೊಂದು ಗುಂಡಿಯಿಂದ, ಕುರುಹೂ ಉಳಿಯದಂತೆ ಒರೆಸಿ ಬಿಸಾಕಿದ್ದೇನೆ.

ಇನ್ನೊಂದು ವಿಷಯ ಬರೆಯಲೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ಲಾಲಮ್ಮ ಮಾತಾಡುವಾಗ ಕ್ಯಾಮೆರಾದ ಹಿಂದೆ ನಿನ್ನದೊಂದು ಅಭ್ಯಾಸ ಕೇಳಿಸುತ್ತದೆ. ಪರದೆಯ ಮೇಲೆ ಅದು ಗೋಡೆಗೆ ಸಗಣಿಯ ಕುಳ್ಳು ಬಡಿದಂತೆ ಸಾಲಾಗಿ ಕಾಣುತ್ತದೆ. ನಲವತ್ತು ಸಲ. ಎಣಿಸಿದ್ದೇನೆ. ದೊಡ್ಡ ದೊಡ್ಡವರಿಗೂ ಇರುವಂಥದ್ದೇ, ನಾಚಿಕೊಳ್ಳಬೇಡ. ಒಂದೂ ಬಿಡದೆ ತೆಗೆಯುತ್ತೇನೆ, ಯಾರಿಗೂ ಹೇಳುವುದಿಲ್ಲ.

ಮೂಲದ ಇನ್ನೊಂದು ಪ್ರತಿ ನಿನ್ನ ಹತ್ತಿರ ಇದೆಯಲ್ಲ? ಡಬ್ಬಿ ಖಾಲಿ ಕಳಿಸಬಾರದೆಂದು ಸಂಕ್ರಾಂತಿಯ ಶೇಂಗಾ ಹೋಳಿಗೆ ಇಟ್ಟಿದ್ದೇನೆ.

ಗುರುದೇವಿ


ಸುರಪುರ
20 ಜನವರಿ 2025

ಅಕ್ಕಾರಿಗೆ,

ವಿಷಯ: ಅಭ್ಯಾಸ ಬಿಟ್ಟ ಬಗ್ಗೆ.

ಕಾಗದ ಓದಿ ಕಿವಿ ಬಿಸಿಯಾಯಿತು. ಅಭ್ಯಾಸ ಇದೆ, ಸುಳ್ಳು ಹೇಳಲಾರೆ. ಆದರೆ ಇಪ್ಪತ್ತೆರಡು ನಿಮಿಷಕ್ಕೆ ನಲವತ್ತು ಸಲ! ಅದೂ ಲಾಲಮ್ಮನ ಅಂಗಳದಲ್ಲಿ! ಹೆಂಡತಿ ಶಾಂತಾದೇವಿ ಹನ್ನೊಂದು ವರ್ಷ ಬೈದು ಬಿಡಿಸಲಾಗದ್ದನ್ನು ನಿಮ್ಮ ಸಾಫ್ಟ್‌ವೇರ್ ಒಂದು ಕಾಗದದಲ್ಲಿ ಬಿಡಿಸಿತು. ನಿನ್ನೆಯಿಂದ ಪೂರ್ತಿ ಬಂದ್. ಬಾಯಿ ಸಪ್ಪಗಿದೆ, ಕಚೇರಿಯಲ್ಲಿ ಕೂತಲ್ಲಿ ಕೂರಲಾಗುತ್ತಿಲ್ಲ.

ಮೂಲ ಪ್ರತಿ ಸುರಕ್ಷಿತವಾಗಿರುವ ವಿಷಯ ಪರಿಶೀಲನೆಯಲ್ಲಿದೆ.

ದೇವಿಂದ್ರ


ಶಹಾಪುರ
5 ಫೆಬ್ರವರಿ 2025

ತಮ್ಮಾ,

ಅಷ್ಟು ಕಠಿಣ ವ್ರತ ಬೇಡ. ಹೊರಗೆ ಬಿಟ್ಟರೆ ಸಾಕು. ಮನೆಯಲ್ಲಿ ಶಾಂತಾದೇವಿ ಮಾತಾಡುವಾಗ ಮುಂದುವರಿಸು, ಆಕೆಗೂ ಸಮಾಧಾನ.

ಕೆಲಸ ಮುಗಿಯಿತು, ಡಿಸ್ಕು ಡಬ್ಬಿಯಲ್ಲಿದೆ. ಹೇಗೆ ಮುಗಿಯಿತೆಂದು ಕೇಳಬೇಡ. ಕಂಪ್ಯೂಟರ್ ಹನ್ನೆರಡು ಸಲ ನಿಂತಿತು. ಒಂದು ಸಲ ಆರು ದಿನದ ಕೆಲಸ ನುಂಗಿ, ಏನೂ ಆಗದವರಂತೆ "ಸ್ವಾಗತ" ಎಂದು ಪರದೆಯ ಮೇಲೆ ಬರೆಯಿತು. ಮೋಟರನ್ನು ತೆಗೆದರೆ ಲಾಲಮ್ಮನ 'ಸ' ಹೋಗುತ್ತಿತ್ತು, 'ಸ' ಉಳಿಸಿದರೆ ಮೋಟರ್ ಹಿಂದಿನ ಬಾಗಿಲಿಂದ ಬರುತ್ತಿತ್ತು. ನನಗೀಗ ಮಿಕ್ಸಿ ಸಪ್ಪಳ ಕೇಳಿದರೂ ಯಾಕೂಬಸಾಬರೇ ನೆನಪಾಗುತ್ತಾರೆ.

ಒಂದೇ ತೊಡಕು. ನಿನ್ನ ಲಾಲಮ್ಮ ಒಂದೆರಡು ಮಾತಾಡಿ ನಿಲ್ಲುತ್ತಾಳೆ, ಕಂಬದ ಕಡೆ ನೋಡುತ್ತಾಳೆ, ಕಾಯುತ್ತಾಳೆ, ಮತ್ತೆ ಶುರು ಮಾಡುತ್ತಾಳೆ. ಕತೆ ಮರೆತಿದ್ದಳೇ? ಆ ಖಾಲಿ ಜಾಗಗಳನ್ನು ಕತ್ತರಿಸಲೇ? ಕೇಳಿ ಹೇಳು.

ಗುರುದೇವಿ


ಸುರಪುರ
7 ಫೆಬ್ರವರಿ 2025

ಮಾನ್ಯರೇ,

ವಿಷಯ: ಹತಾಶೆ.

ಅಕ್ಕಾರೆ ಎಂದು ಬರೆಯಲು ಕೈ ಬರಲಿಲ್ಲ, ಕ್ಷಮಿಸಿ. ಡಿಸ್ಕು ಹಾಕಿ ಮೊದಲ ಫೈಲು ತೆರೆದೆ. ಲಾಲಮ್ಮ ಇಲ್ಲವೇ ಇಲ್ಲ! ಬರೀ ಯಾಕೂಬಸಾಬರ ಮೋಟರ್, ಅದರೊಳಗೆ ಬಾವಿಗೆ ಬಿದ್ದ ಎಮ್ಮೆ ನರಳಿದಂತೆ ಏನೋ ಒಂದು. ಅರ್ಧ ನಿಮಿಷ ಕೇಳಿ ಬಂದ್ ಮಾಡಿದೆ. ಮೋಟರ್ ತೆಗೆದು ಲಾಲಮ್ಮನನ್ನು ಇಡಿ ಎಂದರೆ, ಲಾಲಮ್ಮನನ್ನು ತೆಗೆದು ಮೋಟರ್ ಇಟ್ಟಿದ್ದೀರಿ. ಮೂರು ವಾರ ಇದಕ್ಕೇ ಹಿಡಿಯಿತೇ?

ದೇವಿಂದ್ರ


ಶಹಾಪುರ
8 ಫೆಬ್ರವರಿ 2025

ಮಾನ್ಯ ಗುಮಾಸ್ತರೇ,

ಫೈಲಿನ ಹೆಸರು ಓದಿದ್ದೀಯಾ? 'ಕಸ' ಎಂದು ಬರೆದಿದೆ. ಸಾಫ್ಟ್‌ವೇರ್ ಏನೇನು ಗುಡಿಸಿ ತೆಗೆಯಿತೋ ಅದನ್ನೆಲ್ಲ ಬೇರೆ ಗುಂಪೆ ಹಾಕಿ ಕೊಡುತ್ತದೆ. ಲಾಲಮ್ಮನ ಮಾತು ಎಲ್ಲಾದರೂ ಕಸದಲ್ಲಿ ಹೋಯಿತೇನೋ ಎಂದು ನೋಡಿಕೊಳ್ಳಲು ಇಟ್ಟುಕೊಂಡಿದ್ದೆ, ಮರೆತು ನಿನ್ನ ಡಿಸ್ಕಿಗೂ ಬಂದಿದೆ. ಅಳಿಸಿಬಿಡು. ಪಕ್ಕದ ಫೈಲಿಗೆ 'ಸಾಫ್' ಎಂದು ಹೆಸರು. ಅದನ್ನು ತೆರೆ.

ಮೂರು ವಾರ ಹಿಡಿದದ್ದು ಅದಕ್ಕೆ.

ಗುರುದೇವಿ


ಸುರಪುರ
17 ಫೆಬ್ರವರಿ 2025, ಸೋಮವಾರ

ಅಕ್ಕಾರಿಗೆ,

ವಿಷಯ: ಅನಾಹುತ.

'ಸಾಫ್' ಎಷ್ಟು ಚೆನ್ನಾಗಿತ್ತೆಂದರೆ ನಿನ್ನೆ ತಿಂಥಣಿಗೇ ಹೊತ್ತುಕೊಂಡು ಹೋದೆ. ಮೊದಲು ಲಾಲಮ್ಮ ಕೇಳಲಿ, ಆಮೇಲೆ ಯಾದಗಿರಿ, ಎಂದು. ಕಟ್ಟೆಯ ಮೇಲೆ ಸ್ಪೀಕರ್ ಇಟ್ಟೆ. ದಾವಲಬೀ ಇಸ್ತ್ರಿ ಮಾಡಿದ ಸೀರೆ ಉಟ್ಟು, ಮೊಮ್ಮಕ್ಕಳನ್ನೆಲ್ಲ ಕರೆದುಕೊಂಡು ಬಂದಿದ್ದಳು. "ಕೇಳ್ರಿ, ನಿಮ್ಮ ನಾನಿ ಧ್ವನಿ ಸಿನಿಮಾದಾಗ ಬರ್ತದ."

ಲಾಲಮ್ಮನ ಕತೆ ಶುರುವಾಯಿತು. ಒಂದು ಕಡೆ ಮಾತು ನಿಲ್ಲಿಸಿ ಕಾದಳು. ಏನೂ ಇಲ್ಲ. ಮತ್ತೊಂದು ಕಡೆ ನಿಂತಳು. ಏನೂ ಇಲ್ಲ. ಮೊಮ್ಮಗಳು, "ನಾನೀ, ನೀ ಎಲ್ಲಿದ್ದಿ?" ಎಂದಳು. "ಬರ್ತದ, ಸುಮ್ನಿರು" ಎಂದಳು ದಾವಲಬೀ. ಐದು ನಿಮಿಷ ಕಳೆಯಿತು. ದಾವಲಬೀ ಎದ್ದು ನಿಂತಳು.

"ಏ ಲಾಲಿ, ನನ್ನ ಹೂಂ ಎಲ್ಲಿ?"

"ನನಗೇನ್ ಗೊತ್ತು? ನಾ ಏನ್ ಸೆರಗಿನ್ಯಾಗ ಕಟ್ಕೊಂಡೀನೇನು?"

"ತೆಗಿಸಿ ಬಿಟ್ಟಿ. ಹೆಸರು ನಿನಗೊಬ್ಬಾಕಿಗೇ ಬರ್ಲಿ ಅಂತ ತೆಗಿಸಿ ಬಿಟ್ಟಿ."

"ದಾವಲಿ, ಬಾಯಿ ಸಂಭಾಳಿಸಿ ಮಾತಾಡು."

"ನಲವತ್ತು ವರ್ಷ ನಿನ್ನ ಕತಿಗೆ ಹೂಂ ಅಂದೀನಿ. ಅರ್ಧಾ ಕತಿ ಸುಳ್ಳು, ಅದಕ್ಕೂ ಹೂಂ ಅಂದೀನಿ. ಇವತ್ತಿಂದ ಬಂದ್!"

ಮೊಮ್ಮಕ್ಕಳನ್ನು ಎಳೆದುಕೊಂಡು ಹೋದಳು. ಎರಡು ಮನೆಗಳ ನಡುವಿನ ಗಿಡ್ಡ ಗೋಡೆ ನನ್ನ ಕಣ್ಣೆದುರೇ ಎತ್ತರವಾದಂತಾಯಿತು. ಲಾಲಮ್ಮ ನನ್ನ ಕಡೆ ತಿರುಗಿ, "ನೋಡು ತಮ್ಮಾ, ಯಾರೂ ಹೂಂ ಅನ್ನದಿದ್ರ ನಾ ಒಬ್ಬಾಕಿನೇ ಮಾತಾಡ್ಕೋತ ಕುಂತಂಗ ಕಾಣ್ತದ. ತಲಿ ಕೆಟ್ಟಾಕಿ ಅಂತಾರ ಮಂದಿ. ದಾವಲಿ ಹೂಂ ಇಲ್ಲದ ಕತಿ ಯಾದಗಿರ್ಯಾಗ ತೋರಿಸಿದ್ರ, ನಾನೇ ಬಂದು ಪರದಾ ಹರೀತೀನಿ" ಎಂದಳು.

ಈಗ ಹೇಳಿ. ನಿಮ್ಮ 'ನಲವತ್ತು ಸಲದ ಅಭ್ಯಾಸ' ಎಂದರೆ ಇದೇನಾ? ಅದು ದಾವಲಬೀಯ ಹೂಂ ಅಕ್ಕಾರೆ, ನನ್ನದಲ್ಲ! ನಾನು ತಂಬಾಕು ಉಗುಳುವುದೆಂದು ತಿಳಿದು ನಾಲ್ಕು ವಾರದಿಂದ ಬಾಯಿ ಒಣಗಿಸಿಕೊಂಡು ಕೂತಿದ್ದೇನೆ. ನಮ್ಮ ಕಡೆ ಕತೆ ಹೇಳುವವರೆದುರು ಹೂಂಗುಟ್ಟುವವರೊಬ್ಬರು ಇರಲೇಬೇಕು, ಹೂಂ ನಿಂತರೆ ಕತೆ ನಿಲ್ಲುತ್ತದೆ. ಲಾಲಮ್ಮ ಕಂಬದ ಕಡೆ ನೋಡಿ ಕಾಯುತ್ತಿದ್ದುದು ಅದಕ್ಕೇ. ಇದು ನಿಮಗೆ ಗೊತ್ತಿರಲಿಲ್ಲವೇ?

ದೇವಿಂದ್ರ


ಶಹಾಪುರ
19 ಫೆಬ್ರವರಿ 2025

ತಮ್ಮಾ,

ನನ್ನ ಅಜ್ಜಿಯ ಕತೆಗಳಿಗೆ ಹೂಂಗುಟ್ಟಿಯೇ ಬೆಳೆದವಳು ನಾನು. ಗೊತ್ತಿರಲಿಲ್ಲವೇ ಎಂದು ಕೇಳುತ್ತೀಯಲ್ಲ! ಆದರೆ ಧ್ವನಿ ಗಂಡಸಿನಂತೆ ದಪ್ಪಗಿತ್ತು, ನೀನೇ ಎಂದುಕೊಂಡೆ. ಹದಿನೈದು ವರ್ಷ ಮಾತು ಬೇರೆ, ಗದ್ದಲ ಬೇರೆ ಎಂದು ಜರಡಿ ಹಿಡಿದೂ ಹಿಡಿದೂ ನನ್ನ ಕಿವಿಯೂ ಸಾಫ್ಟ್‌ವೇರಿನಂತೆಯೇ ಆಗಿದೆ. ನೀನಾದರೂ ಏನು ಬರೆದೆ? 'ದಾವಲಬೀ ಒಂದೇ ಒಂದು ಮಾತಾಡಲಿಲ್ಲ.' ನಲವತ್ತು ಹೂಂ ಅಂದಾಕಿ! ಪಕ್ಕದಲ್ಲೇ ನಿಂತ ನಿನಗೂ ಕೇಳಿಸಿಲ್ಲ. ತಪ್ಪನ್ನು ಅರ್ಧರ್ಧ ಹಂಚಿಕೊಳ್ಳೋಣ.

ನನ್ನ ಪಾಲಿಗೆ ಇನ್ನೊಂದಿಷ್ಟು ಇದೆ. ಮೊದಲೇ ಹೇಳಬೇಕಿತ್ತು. ಕರೆಂಟ್ ಹೋಗುವ ಭಯದಲ್ಲಿ ಗಳಿಗೆಗೊಮ್ಮೆ ಸೇವ್ ಮಾಡುತ್ತಿದ್ದೆ, ಒಂದು ದಿನ ಮೂಲದ ಮೇಲೆಯೇ ಸೇವ್ ಮಾಡಿಬಿಟ್ಟೆ. ನನ್ನ ಹತ್ತಿರ ಮೂಲವಿಲ್ಲ. ನಿನ್ನ ಪ್ರತಿಯನ್ನು ನಾಳೆಯ ಬಸ್ಸಿಗೇ ಕಳಿಸು. ಮೋಟರ್ ಮಾತ್ರ ತೆಗೆದು ಹೂಂ ಬಿಡುತ್ತೇನೆ. ಮೊದಲಿಂದ ಮಾಡುತ್ತೇನೆ, ಬೈದುಕೊಂಡೇ ಮಾಡುತ್ತೇನೆ.

ಗುರುದೇವಿ


ಸುರಪುರ
22 ಫೆಬ್ರವರಿ 2025

ಅಕ್ಕಾರಿಗೆ,

ವಿಷಯ: ಪರಿಶೀಲನೆ ಮುಗಿದ ಬಗ್ಗೆ.

ಮೂಲ ಪ್ರತಿ ಇಲ್ಲ. ಜನವರಿಯಲ್ಲೂ ಇರಲಿಲ್ಲ. ನಮ್ಮ ಸಾಹೇಬರ ನಿವೃತ್ತಿ ಸಮಾರಂಭ ಚಿತ್ರೀಕರಿಸಲು ಕ್ಯಾಮೆರಾದ ಕಾರ್ಡಿನಲ್ಲಿ ಜಾಗ ಬೇಕಿತ್ತು, ಚಿತ್ರವನ್ನು ಡಿಸ್ಕಿಗೆ ಹಾಕಿದ ಮೇಲೆ ಕಾರ್ಡಿನದನ್ನು ಅಳಿಸಿದೆ. ಲಾಲಮ್ಮ ಕೂತಿದ್ದ ಜಾಗದಲ್ಲಿ ಈಗ ಸಾಹೇಬರು ಶಾಲು ಹೊದ್ದು ಕೂತಿದ್ದಾರೆ.

ದಾವಲಬೀಯನ್ನು ಕೇಳಲು ಹೋದೆ, ಮತ್ತೊಮ್ಮೆ ಹೂಂ ಅನ್ನಿ ಎಂದು. "ಆಕಿ ಮುಂದ ಕುಂತು ಕೇಳಿದ್ರ ಹೂಂ ಬರ್ತದ. ಬರೀ ಹೂಂ ಅನ್ನಾಕ ನಾ ಏನ್ ಹುಚ್ಚಿ ಏನು?" ಎಂದು ಬಾಗಿಲು ಹಾಕಿಕೊಂಡಳು. ಕೊನೆಗೆ ಅಂಬ್ರಪ್ಪನನ್ನು ಹಿಡಿದು ಹತ್ತು ಹೂಂ ಅನ್ನಿಸಿ ಲಾಲಮ್ಮನಿಗೆ ಕೇಳಿಸಿದೆ. "ಇದು ಹೂಂ ಅಲ್ಲೋ, ಮುಂದ ಸರೀರಿ ಅಂದಂಗದ" ಎಂದಳು. ಚಿತ್ರ ಹಿಂದಕ್ಕೆ ತೆಗೆದುಕೊಳ್ಳುತ್ತೇನೆಂದು ಯಾದಗಿರಿಗೆ ಬರೆಯುವವನಿದ್ದೇನೆ. ಚಿತ್ರ ಹೋದರೆ ಹೋಗಲಿ. ಆದರೆ ಬೆಳಿಗ್ಗೆದ್ದು ಇಬ್ಬರೂ ಒಂದೇ ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದರು. ಈಗ ಬೆನ್ನು ತಿರುಗಿಸಿ ಕುಡಿಯುತ್ತಾರೆ. ಅದನ್ನು ನೋಡಲಾಗುತ್ತಿಲ್ಲ.

ದೇವಿಂದ್ರ


ಶಹಾಪುರ
24 ಫೆಬ್ರವರಿ 2025

ತಮ್ಮಾ,

ಯಾದಗಿರಿಗೆ ಏನೂ ಬರೆಯಬೇಡ. ಹೊರಗಿನ ಸಪ್ಪಳ ತಡೆಯಲು ನಾಲ್ಕು ಕೌದಿ ತೂಗುಹಾಕಿದ ಕೋಣೆಯಲ್ಲಿ ಕೂತು ನಾನೇ ಐವತ್ತು ಹೂಂ ರೆಕಾರ್ಡ್ ಮಾಡಿದೆ. ಒಂದಕ್ಕೂ ಜೀವವಿಲ್ಲ; ಡಾಕ್ಟರ ಮುಂದೆ ನಾಲಿಗೆ ತೋರಿಸಿದಂತಿವೆ. ಅಳು ಬರುವಷ್ಟು ಸಿಟ್ಟು ಬಂದು, ಎದ್ದು ಕೋಣೆ ಗುಡಿಸತೊಡಗಿದೆ. ಕಸ ಗುಂಪೆ ಮಾಡುವಾಗ ನೆನಪಾಯಿತು.

ಆ 'ಕಸ' ಫೈಲು! ಬಾವಿಗೆ ಬಿದ್ದ ಎಮ್ಮೆ! ಅದು ದಾವಲಬೀ! ನಾನು ಕೆಲಸ ಕಳಿಸಿದ ದಿನವೇ ಇಲ್ಲಿಯದನ್ನು ಅಳಿಸಿದ್ದೇನೆ. ನೀನು ಅಳಿಸಿದೆಯಾ? ನಾನೇ ಅಳಿಸು ಎಂದಿದ್ದೆ. ಜೀವನದಲ್ಲಿ ಒಮ್ಮೆಯಾದರೂ ನನ್ನ ಮಾತು ಕೇಳಿಲ್ಲವೆಂದು ಬರೆ.

ಗುರುದೇವಿ


ಸುರಪುರ
25 ಫೆಬ್ರವರಿ 2025

ಅಕ್ಕಾರಿಗೆ,

ವಿಷಯ: ಕಸ.

ಹತ್ತೊಂಬತ್ತು ವರ್ಷದ ಸೇವೆಯಲ್ಲಿ ನಾನು ಒಂದೇ ಒಂದು ಕಡತವನ್ನೂ ನಾಶ ಮಾಡಿದವನಲ್ಲ. ಮೇಲಿನವರು ಬಾಯಿಮಾತಿನಲ್ಲಿ ಹೇಳಿದ್ದನ್ನಂತೂ ಮಾಡುವುದೇ ಇಲ್ಲ. ಲಿಖಿತವಾಗಿ ಹೇಳಿದರೆ ಎರಡನೆಯ ಜ್ಞಾಪನ ಬರುವವರೆಗೆ ಕಾಯುತ್ತೇನೆ. ನಿಮ್ಮ ಎರಡನೆಯ ಜ್ಞಾಪನ ಬರಲಿಲ್ಲ. 'ವಿಲೇವಾರಿಗೆ ಬಾಕಿ' ಎಂಬ ಫೋಲ್ಡರಿನಲ್ಲಿ ಕಸ ಹಾಗೇ ಇದೆ.

ಡಿಸ್ಕು ಡಬ್ಬಿಯಲ್ಲಿದೆ. ಅಂಬ್ರಪ್ಪ ಈ ಸಲ ತನ್ನ ಮಡಿಲಲ್ಲೇ ಇಟ್ಟುಕೊಂಡು ಬರುತ್ತಾನೆ.

ದೇವಿಂದ್ರ


ಶಹಾಪುರ
7 ಮಾರ್ಚ್ 2025

ತಮ್ಮಾ,

ಕಸದಿಂದ ಹೂಂ ಆರಿಸುವುದೆಂದರೆ ಅಕ್ಕಿಯಿಂದ ಕಲ್ಲು ಆರಿಸಿದಂತಲ್ಲ, ಹಿಟ್ಟಿನಿಂದ ಉಪ್ಪು ಆರಿಸಿದಂತೆ. ಪ್ರತಿ ಹೂಂ ಜೊತೆ ಮೋಟರ್ ಅಂಟಿಕೊಂಡೇ ಬರುತ್ತದೆ. ಹೂಂ ಹಾಕಿದ ಕಡೆ ಮೋಟರ್ 'ಗರ್' ಎಂದು ಇಣುಕಿ ಮಾಯವಾಗುತ್ತಿತ್ತು, ಯಾಕೂಬಸಾಬರು ನಲವತ್ತು ಸಲ ಬಾಗಿಲು ತೆಗೆದು ಹಾಕಿದಂತೆ. ಎಂಟು ದಿನ ಗುದ್ದಾಡಿ ಸೋತೆ. ಕೊನೆಗೆ ಕತೆಯುದ್ದಕ್ಕೂ ಮೋಟರನ್ನು ಮೆಲ್ಲಗೆ ವಾಪಸ್ ಹರಡಿದೆ. ಮೂರು ವಾರ ಬಿದ್ದು ತೆಗೆದ ಮೋಟರನ್ನು ಎರಡು ದಿನ ಬಿದ್ದು ವಾಪಸ್ ಹಾಕಿದೆನೆಂದು ಯಾರಿಗೂ ಹೇಳಬೇಡ, ನನ್ನ ಹೊಟ್ಟೆಪಾಡು ಇದರ ಮೇಲಿದೆ.

ಹೂಂಗಳನ್ನು ಒಂದೊಂದಾಗಿ ಕೇಳುತ್ತ ನನಗೆ ದಾವಲಬೀಯ ಮೇಲೆ ಗೌರವ ಬಂತು. ನಂಬಿದ ಹೂಂ, ನಂಬದ ಹೂಂ, 'ಮುಂದ ಹೇಳು' ಹೂಂ, ಕತೆಯೊಳಗಿನ ಅತ್ತೆಯನ್ನು ಬೈಯುವ ಹೂಂ. ನಾನು ಇವನ್ನೆಲ್ಲ ಒಂದೇ ಹೆಸರಿಟ್ಟು ಗುಡಿಸಿದ್ದೆ.

ನಲವತ್ತೂ ಸಿಕ್ಕವು. ಆದರೆ ಲಾಲಮ್ಮ ಕಾಯುವುದು ನಲವತ್ತೊಂದು ಕಡೆ. ಒಂದು ಹೂಂ ನನ್ನ ಕೈಯಲ್ಲೇ ಎಲ್ಲೋ ಕಳೆದುಹೋಗಿರಬೇಕು. ಅಲ್ಲಿ ನನ್ನದೇ ಒಂದನ್ನು, ಇದ್ದುದರಲ್ಲಿ ಒಳ್ಳೆಯದನ್ನು, ಸೇರಿಸಿದ್ದೇನೆ. ಯಾವುದೆಂದು ಹೇಳುವುದಿಲ್ಲ. ನಿನಗೇ ಗೊತ್ತಾಗದಿದ್ದರೆ ಅವರಿಗೂ ಗೊತ್ತಾಗುವುದಿಲ್ಲ.

ಗುರುದೇವಿ


ಸುರಪುರ
10 ಮಾರ್ಚ್ 2025, ಸೋಮವಾರ

ಅಕ್ಕಾರಿಗೆ,

ವಿಷಯ: ನಲವತ್ತೊಂದನೆಯದರ ಬಗ್ಗೆ.

ನನಗೆ ಗೊತ್ತಾಗಲಿಲ್ಲ. ಇಲ್ಲಿಯವರೆಗೆ ನೀವು ಗೆದ್ದಿರಿ.

ನಿನ್ನೆ ತಿಂಥಣಿಗೆ ಹೋದೆ. ಈಕೆ ಆಕೆಯ ಮನೆಗೆ ಹೋಗಲೊಲ್ಲಳು, ಆಕೆ ಈಕೆಯ ಮನೆಗೆ ಬರಲೊಲ್ಲಳು. ಸ್ಪೀಕರನ್ನು ನಡುವಿನ ಗಿಡ್ಡ ಗೋಡೆಯ ಮೇಲಿಟ್ಟೆ. ಈ ಕಡೆ ಲಾಲಮ್ಮ ಬೆನ್ನು ತಿರುಗಿಸಿ ತೊಗರಿ ಹಸನು ಮಾಡುತ್ತಿದ್ದಳು. ಆ ಕಡೆ ದಾವಲಬೀ ಬೇಕೆಂದೇ ಜೋರಾಗಿ ಭಾಂಡೆ ತಿಕ್ಕುತ್ತಿದ್ದಳು. ಮೊದಲ ಹೂಂ ಬಂತು. ಭಾಂಡೆಯ ಸಪ್ಪಳ ಸಣ್ಣದಾಯಿತು. ಹತ್ತನೆಯದಕ್ಕೆ ನಿಂತಿತು. ಹಿಂದಿನ ಹೊಲದಿಂದ ಯಾಕೂಬಸಾಬರು, "ಅರೇ, ನನ್ ಮೋಟರ್!" ಎಂದು ಕೂಗಿದರು.

ವ್ಯಾಪಾರಿ ಸೊಸೆಯ ನೆರಳನ್ನು ಸೀರೆಯಂತೆ ಮಡಚಿ ಚೀಲಕ್ಕೆ ತುಂಬುವ ಜಾಗ ಬಂತು. ಒಂದು ಹೂಂ ಬಂತು.

"ಇದು ನಂದಲ್ಲ" ಎಂದಳು ದಾವಲಬೀ, ಗೋಡೆಗೆ. "ಯಾರೋ ಸಾಲಿ ಕಲ್ತಾಕಿ ಅಂದಂಗದ. ಹೂಂ ಅಂದು ಮ್ಯಾಲ ಥ್ಯಾಂಕ್ಯೂ ಅಂತಾಳೇನೋ."

ಲಾಲಮ್ಮ ತಿರುಗದೆಯೇ, "ನಿಂದು ಎಲ್ಲಿಂದ ಬರಬೇಕು? ಅಲ್ಲಿ ನೀ ನಿದ್ದಿ ಹೊಡ್ಯಾಕತ್ತಿದ್ದಿ" ಎಂದಳು.

"ನಾ ಯಾಕ ನಿದ್ದಿ ಹೊಡೀಲಿ?"

"ಹೊಡದಿ. ಗೊರಕಿ ಬರೋ ಮೊದಲ ನಾನೇ, ಈ ತಮ್ಮನ ಕ್ಯಾಮೆರಾಕ್ಕ ಕಾಣದಂಗ, ಕಲ್ಲು ಒಗದು ಎಬ್ಬಿಸಿದೆ. ಕಂಬಕ್ಕ ಬಡೀತು, ಟಕ್ ಅಂತ."

"ಕಂಬಕ್ಕಲ್ಲ, ನನ್ನ ಮೊಣಕಾಲಿಗಿ. ಎರಡು ದಿನ ಬಾತಿತ್ತು."

"ಬಾತಿದ್ರ ಮರುದಿನ ತೊಗರಿ ಕೊಯ್ಯಾಕ ಹೆಂಗ್ ಬಂದಿ?"

"ಕುಂಟ್ಕೋತ ಬಂದೆ! ನೀ ಎಲ್ಲಿ ನೋಡ್ತಿ, ನಿನಗ ನಿನ್ನ ಕತಿದೇ ಧ್ಯಾನ."

ಇಪ್ಪತ್ತೊಂದು ದಿನದ ಮೇಲೆ ಇಬ್ಬರೂ ಮಾತಾಡುತ್ತಿದ್ದಾರೆಂದು ನನಗೆ ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು. ಜಗಳ ಒಂದು ತಾಸು ನಡೆಯಿತು. ನಡುವೆ ಲಾಲಮ್ಮ ಎದ್ದು ಚಹಾ ಕಾಸಿ, ಗೋಡೆಯ ಮೇಲೆ ಎರಡು ಕಪ್ಪು ಇಟ್ಟಳು, ನನಗೆ ಕೊಡಲಿಲ್ಲ. ಕಲ್ಲು ಮೊದಲು ಕಂಬಕ್ಕೆ, ಆಮೇಲೆ ಮೊಣಕಾಲಿಗೆ ಬಡಿಯಿತೆಂದು ಒಪ್ಪಂದವಾಯಿತು. ನೀವು ಮೊದಲ ದಿನವೇ ಒರೆಸಿ ಬಿಸಾಕಿದ ಟಕ್-ಟಿಕ್‌ಗಳಲ್ಲಿ ಅದೂ ಒಂದು, ಕಸದ ಫೈಲಿನಲ್ಲೂ ಉಳಿದಿಲ್ಲ. ಅಲ್ಲಿ ಯಾವ ಹೂಂ ಕಳೆದಿರಲಿಲ್ಲ ಅಕ್ಕಾರೆ, ಇರಲೇ ಇಲ್ಲ.

ಚಿತ್ರ ತೋರಿಸಲು ಇಬ್ಬರೂ ಒಪ್ಪಿದ್ದಾರೆ. ಷರತ್ತು ಒಂದೇ: ಆ ಸಾಲಿ ಕಲ್ತ ಹೂಂ ಹೋಗಬೇಕು, ಕಲ್ಲಿನ ಸಪ್ಪಳ ಬರಬೇಕು. ಹದಿನಾರಕ್ಕೆ ಇಬ್ಬರೂ ಯಾದಗಿರಿಗೆ ಬರುತ್ತಾರಂತೆ, ಒಂದೇ ಸೀಟಿನಲ್ಲಿ.

ಆದ್ದರಿಂದ ಒಂದು ಸಣ್ಣ ಉಪಕಾರ. ಡಬ್ಬಿಯ ನಡುವಿನ ಖಾನೆಯಲ್ಲಿ, ಹಿಂಡಿಯ ಕೆಳಗೆ, ಕಾಗದದಲ್ಲಿ ಸುತ್ತಿದ ಒಂದು ಕಲ್ಲಿದೆ. ಇದೇ ಆ ಕಲ್ಲೆಂದು ದಾವಲಬೀ ಅಂಗಳದಿಂದ ಹುಡುಕಿ ಕೊಟ್ಟಿದ್ದಾಳೆ, ನಾನು ವಾದಿಸಲಿಲ್ಲ. ಫ್ಯಾನ್ ಬಂದ್ ಮಾಡಿ, ಕಟ್ಟಿಗೆಯ ಕಂಬಕ್ಕೆ, ಕಂಬವಿಲ್ಲದಿದ್ದರೆ ಬಾಗಿಲ ಚೌಕಟ್ಟಿಗೆ, ಒಂದು ಸಲ ಒಗೆದು ರೆಕಾರ್ಡ್ ಮಾಡಿಕೊಳ್ಳಿ. ಆಮೇಲೆ ಕಲ್ಲನ್ನು ಶುಕ್ರವಾರದ ಬಸ್ಸಿಗೆ ಮರೆಯದೆ ವಾಪಸ್ ಕಳಿಸಿ. ಲಾಲಮ್ಮನಿಗೆ ಮತ್ತೆ ಬೇಕಾಗುತ್ತದಂತೆ.

ದೇವಿಂದ್ರ